ಒಳಗಿಳಿದ ಮುಖ

ಪ್ರೀತಿಯ ಹಿಲಾರಸ್,

ನಿನ್ನ ಹೆಂಡತಿ ಖಿಯೊನೆ ಸೆರೆಮನೆಗೆ ತರುವ ರೊಟ್ಟಿಯೊಳಗೆ ಈ ಚೀಟಿ ಇರುತ್ತದೆ. ಓದಿ ನುಂಗಿಬಿಡು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ರೋಮಿನ ಈ ಟಂಕಸಾಲೆಯಲ್ಲಿ ಹನ್ನೊಂದು ವರ್ಷ ಒಂದೇ ಬಡಿಗಲ್ಲಿನ ಎದುರುಬದುರು ನಿಂತೆವು. ದೊರೆಯ ಮುಖವಿರುವ ಕೆಳಗಿನ ಅಚ್ಚಿನ ಮೇಲೆ ನಾನು ಇಕ್ಕಳದಲ್ಲಿ ಬೆಳ್ಳಿಬಿಲ್ಲೆ ಇಡುವುದು, ದೇವಿಯಿರುವ ಮೇಲಿನ ಅಚ್ಚಿಗೆ ನೀನು ಸುತ್ತಿಗೆ ಬೀಸುವುದು. "ಸುತ್ತಿಗೆಗೆ ಕಣ್ಣಿಲ್ಲ ಕಣೋ, ಇಕ್ಕಳಕ್ಕಿದೆ. ನೀನ್ ನೋಡ್ಕೋ" ಅಂತ ಮೊದಲ ದಿನವೇ ನೀನು ಹೇಳಿದ್ದೆ. ಮೊನ್ನೆ ನಾನು ನೋಡಲಿಲ್ಲ. ಹೊಡೆದ ದೀನಾರ ಮೇಲಿನ ಅಚ್ಚಿಗೇ ಅಂಟಿಕೊಂಡಿತ್ತು. ಅದರ ಕೆಳಗೆ ಇನ್ನೊಂದು ಬಿಲ್ಲೆ ಇಟ್ಟೆ, ನೀನು ಹೊಡೆದೆ. ಒಂದು ಬದಿಗೆ ದೊರೆಯ ಮುಖ ಬಂತು. ಇನ್ನೊಂದು ಬದಿಗೆ, ದೇವಿ ಇರಬೇಕಾದಲ್ಲಿ, ಅದೇ ಮುಖ ಗುಳಿಬಿದ್ದು ಒಳಗಿಳಿದಿತ್ತು. ಸತ್ತವರ ಮುಖಕ್ಕೆ ಒತ್ತಿ ತೆಗೆಯುತ್ತಾರಲ್ಲ, ಆ ಅಚ್ಚಿನ ಹಾಗೆ.

"ಅಯ್ಯೋ, ದೊರೆಗೆ ಹಲ್ಲೆಲ್ಲ ಉದುರಿ ಕೆನ್ನೆ ಒಳಕ್ಕೆ ಹೋಗಿದ್ಯಲ್ಲೋ!" ಎಂದು ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ನೆನಪಾಯಿತು. ದೊರೆ ಹಾಸಿಗೆ ಹಿಡಿದು ತಿಂಗಳಾಗಿದೆ. ಅವನ ಆಯಸ್ಸೆಷ್ಟು ಎಂದು ಜೋಯಿಸರನ್ನು ಕೇಳಿದ ವರ್ತಕನ ತಲೆಯೇ ಹೋಯಿತು. ಇದನ್ನು ಕಂಡವರು ಮಾಟ ಎನ್ನದೆ ಬಿಡುತ್ತಾರೆಯೇ? ಕರಗಿಸಿಬಿಡೋಣವೆಂದರೆ ಕುಲುಮೆ ನಾಲ್ಕೇ ಹೆಜ್ಜೆ ದೂರವಿತ್ತು. ಅಷ್ಟರಲ್ಲಿ ಮೇಲ್ವಿಚಾರಕ ಒನೆಸಿಮಸ್ ಬಂದ. ನಾಣ್ಯವನ್ನು ಬಾಯಿಗೆ ಹಾಕಿಕೊಂಡೆ.

ಸಂಜೆ ತೂಕದಲ್ಲಿ ಒಂದು ದೀನಾರ ಕಡಿಮೆ ಬಂತು. "ಯಾವನೋ ಕದ್ದೋನು?" ಎಂದು ಅವನು ಗದರಿದ. ನಾಲಿಗೆಯಡಿ ಬೆಳ್ಳಿಯಿಟ್ಟುಕೊಂಡು ನಾನು ಬಾಯಿ ತೆರೆಯುವುದೆಂತು? ನೀನು ನನ್ನ ಕೆನ್ನೆ ನೋಡಿದೆ. "ನಾನೇ ಸ್ವಾಮಿ" ಅಂದುಬಿಟ್ಟೆ. ಹಾಳಾದವನೇ, ಯಾಕೆ ಹಾಗಂದೆ?

ನಾಳೆ ಮಧ್ಯಾಹ್ನ ನಿನ್ನನ್ನು ಬೆಳ್ಳಿಗಣಿಗೆ ಸಾಗಿಸುತ್ತಾರಂತೆ. ಅಲ್ಲಿಂದ ಬೆಳ್ಳಿ ಬರುತ್ತದೆ, ಮನುಷ್ಯ ಬರುವುದಿಲ್ಲ. ನಾಣ್ಯವನ್ನು ಕುಲುಮೆಗೆ ಹಾಕಿದರೆ ನಾನು ಉಳಿಯುತ್ತೇನೆ. ಎರಡು ಸಲ ಕುಲುಮೆಯವರೆಗೂ ಹೋಗಿದ್ದೆ, ಸುಳ್ಳೇಕೆ ಹೇಳಲಿ. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಹಿಲಾರಸ್.

ಆದರೂ ಬೆಳಿಗ್ಗೆ ಅದನ್ನು ಒನೆಸಿಮಸನ ಅಂಗೈಗೆ ಹಾಕುತ್ತೇನೆ. ಸುತ್ತಿಗೆಗೆ ಕಣ್ಣಿಲ್ಲವೆಂಬುದು ಅವನಿಗೂ ಗೊತ್ತು; ನಿನ್ನ ಮೇಲಿನ ಕಳವಿನ ದೂರು ಅಳಿಯುತ್ತದೆ, ಮಾಟದ ದೂರು ನನಗಷ್ಟೇ ಅಂಟುತ್ತದೆ. ಯಾರು ಕೇಳಿದರೂ ನೀನು ಆ ಮುಖ ನೋಡಿಲ್ಲ, ನಕ್ಕಿಲ್ಲ. ನಕ್ಕವನು ನಾನೊಬ್ಬನೇ.

ನನ್ನ ಜಾಗಕ್ಕೆ ಬರುವವನಿಗೆ ಹೇಳು, ಪ್ರತಿ ಏಟಿಗೂ ಮೇಲಿನ ಅಚ್ಚು ನೋಡಬೇಕು ಅಂತ. ಟಂಕಸಾಲೆ ಕಾಯುವ ದೇವಿ ಯೂನೋ ತಾಯಿ ನಿನ್ನ ತೋಳು ಕಾಯಲಿ.

ನಿನ್ನ ಇಕ್ಕಳ,
ಎಪಾಫ್ರಾ