ಫ್ರೀಡಮ್ಮ ನಮ್ಮ ಗುಲ್ವಾಡಿಯಲ್ಲಿದ್ದರು

ಗುಲ್ವಾಡಿ
ಜನವರಿ 18, 2025

ನನ್ನ ಮುದ್ದಿನ ರಮಿತಾ,

ಹೇಗಿದ್ದೀ ಮಗಾ? ಬರ್ಲಿನ್ನಿನ ಚಳಿಗೆ ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ನಿನ್ನ ಅಮ್ಮ ಹೇಳಿದಳು. ಆಸ್ಪತ್ರೆಯಲ್ಲಿ ಹತ್ತು ಜನರ ಆರೈಕೆ ಮಾಡುವವಳು ನಿನ್ನ ಕಷಾಯ ಮರೆಯಬೇಡ. ನನ್ನ ಮೊಣಕಾಲು ಇದ್ದ ಹಾಗೇ ಇದೆ.

ಅಲ್ಲಿನ ಚಿತ್ರಕಲಾ ಪ್ರದರ್ಶನದಲ್ಲಿ ತೆಗೆದ ಫೋಟೋ ಕಳಿಸಿ, 'ಅಮ್ಮಮ್ಮಾ, ಇವ್ರ್ ನಮ್ಮ ಜಗಲಿ ಪಟದಾಗೆ ಇದ್ದವ್ರಲ್ದಾ?' ಎಂದು ಕೇಳಿದೆಯಲ್ಲ. ಹೌದು, ಅವರೇ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೇಶ ಬಿಟ್ಟ ಮೇಲೆ ಏನಾದರೆಂದು ತಿಳಿದಿಲ್ಲವೆಂದು ಅಲ್ಲಿ ಬರೆದಿದೆಯಂತೆ. ಏನಾಗುವುದು? ನಮ್ಮ ಮನೆಯಲ್ಲಿದ್ದರು. ನನಗೆ ಹೊಳೆಯಲ್ಲಿ ಈಜು ಕಲಿಸಿದವರು ಅವರೇ.

ಫ್ರೀಡಾ, ನಮಗೆಲ್ಲ ಫ್ರೀಡಮ್ಮ, ಬರ್ಲಿನ್ನಿನ ಯಹೂದಿ ಮನೆತನದವರು, ಕಲಾವಿದೆ. ಪೇಪರಿನ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಹಿಟ್ಲರನ ಕಡೆಯವರನ್ನು ಗೇಲಿ ಮಾಡಿದ್ದಕ್ಕೆ ಜೈಲಿಗೆ ಹಾಕಿದರು, ಚಿತ್ರಗಳನ್ನು ಬೀದಿಯಲ್ಲೇ ಸುಟ್ಟರು. ಹೇಗೋ ಬಿಡಿಸಿಕೊಂಡು ಬೊಂಬಾಯಿಗೆ ಬಂದಿಳಿದರೆ, ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ಜರ್ಮನಿಯವಳೆಂದು ಬ್ರಿಟಿಷರೂ ಹಿಡಿದಿಟ್ಟರು! ಬಿಡುಗಡೆಯಾದಾಗ ಮೈತುಂಬ ಜ್ವರ. ಅವರು ಊಟಕ್ಕೆ ಬರುತ್ತಿದ್ದ ಬೊಂಬಾಯಿಯ ಹೋಟೆಲಿನಲ್ಲಿ ನನ್ನ ಅಪ್ಪ ಕೃಷ್ಣಯ್ಯ ಅಡುಗೆಯವರು. ಗುಣವಾಗುವವರೆಗೆ ಇರಲಿ ಎಂದು ಊರಿಗೆ ಕರೆತಂದರು. ಬಂದವರು ಸಾಯುವವರೆಗೂ ಇಲ್ಲೇ ಉಳಿದರು.

ಯುದ್ಧ ಮುಗಿದ ಮೇಲೆ ಸುದ್ದಿ ಬಂತು: ಅವರ ತಾಯಿಯನ್ನು ಹಿಟ್ಲರನ ಸಾವಿನ ಶಿಬಿರಕ್ಕೆ ಒಯ್ದಿದ್ದರು, ಅವರು ಹಿಂದಿರುಗಲಿಲ್ಲ. ಆ ದಿನ ಫ್ರೀಡಮ್ಮ ಸೊಂಟದವರೆಗಿನ ನೀರಿನಲ್ಲಿ ನಿಂತೇ ಇದ್ದರಂತೆ. ನನ್ನ ಅಮ್ಮ ಸುಂದರಿ ಹೊಳೆಗಿಳಿದು, 'ಬನ್ನಿ, ಗಂಜಿ ಆರತ್ತ್' ಎಂದು ಕೈಹಿಡಿದು ಕರೆತಂದಳು. ಫ್ರೀಡಮ್ಮ ಎಷ್ಟೋ ವರ್ಷ ಕತ್ತರಿ ಮುಟ್ಟಲಿಲ್ಲ. ಆಮೇಲೊಂದು ದಿನ ಹರಕು ಬಲೆಗೆ ಹೊಳೆಯ ಚಿಪ್ಪು, ಪೇಪರಿನ ಚೂರು ಎಲ್ಲ ಸೇರಿಸಿ ಹೊಲಿಯತೊಡಗಿದರು. ಆಗ ನಾನು ಸಣ್ಣವಳು. 'ಇದ್ ಎಂತ ಫ್ರೀಡಮ್ಮ, ಕಣ್ಣ್ ಎಲ್ಲಿತ್ತ್, ಮೂಗ್ ಎಲ್ಲಿತ್ತ್?' ಎಂದು ಅಮ್ಮ ನಕ್ಕರೆ, 'ಒಡ್ದದ್ದನ್ನ ಒಡ್ದಾಂಗೇ ತೋರ್ಸ್ಕ್, ಸುಂದರಿ' ಎಂದರು. ಗೆದ್ದಲು ತಿಂದು ಈಗ ಎರಡೇ ಉಳಿದಿವೆ. ಫೋಟೋ ಕಳಿಸುತ್ತೇನೆ, ಪ್ರದರ್ಶನದವರಿಗೆ ತೋರಿಸು.

ಬರ್ಲಿನ್ನಿಗೆ ಮರಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೂ ಕುಂದಾಪುರದ ಬಸ್ಸಿನ ಸದ್ದಾದರೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಯಾರಿಗಾಗಿ ಎಂದು ಆಗ ತಿಳಿಯುತ್ತಿರಲಿಲ್ಲ. ನೀನು ಹೋದ ಮೇಲೆ ತಿಳಿಯಿತು ಮಗಾ. ಎಪ್ಪತ್ತೆರಡನೇ ಇಸವಿಯಲ್ಲಿ ತೀರಿಕೊಂಡರು. ಅವರ ಇಷ್ಟದಂತೆ ಸುಡದೆ, ಹೊಳೆಬದಿಯ ನಮ್ಮ ಜಾಗದಲ್ಲೇ ಮಣ್ಣು ಮಾಡಿದೆವು.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮಮ್ಮ,
ಚಂದ್ರಾವತಿ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟೆ. ಬರ್ಲಿನ್ನಿನ ರೈಲು ನಿಲ್ದಾಣದಲ್ಲಿ ಬೀಳ್ಕೊಡುವಾಗ ಫ್ರೀಡಮ್ಮನ ತಾಯಿ, 'ಮುಟ್ಟಿದ ಕೂಡಲೇ ತಿಳಿಸು' ಎಂದಿದ್ದರಂತೆ. ಬರೆದದ್ದಕ್ಕೆ ಉತ್ತರ ಬರಲಿಲ್ಲ. ಸುದ್ದಿ ಸೇರಿತೋ ಇಲ್ಲವೋ ಎಂಬ ಕೊರಗು ಕೊನೆಗೂ ಹೋಗಲಿಲ್ಲ. 'ಚಂದ್ರಾ, ಎಂದಾರೂ ಅಲ್ಲಿಗ್ ಹ್ವಾದ್ರೆ ನಮ್ಮಮ್ಮಂಗ್ ಹೇಳ್' ಎಂದಿದ್ದರು. ನನ್ನಿಂದಾಗಲಿಲ್ಲ. ರಜೆಯ ದಿನ ನೀನು ಹೋಗಿ ಆ ಪ್ಲಾಟ್‌ಫಾರ್ಮಿನಲ್ಲಿ ಒಂದು ಗಳಿಗೆ ನಿಲ್ಲು. ಹೂವು ಗೀವು ಬೇಡ. ನಮ್ಮ ಭಾಷೆಯಲ್ಲೇ ಮೆಲ್ಲಗೆ ಹೇಳು: 'ಅಮ್ಮಾ, ನಿಮ್ಮ ಮಗಳ್ ನಮ್ಮನಿಗ್ ಬಂದ್ ಮುಟ್ಟಿದ್ಲ್.'