ಫಿಲಾಖ್‌ವರೆಗಿನ ಸೀಟು

ನೆಜಾ,

ನೀನು ಇದನ್ನು ಓದುವುದಿಲ್ಲ. ನಾನು ಅಂಚೆಗೆ ಹಾಕುವುದೂ ಇಲ್ಲ. ಇವತ್ತು ವಿಯೆನ್ನಾ ನಿಲ್ದಾಣದಲ್ಲಿ ವೆನಿಸ್‌ಗೆ ಟಿಕೆಟ್ ತೆಗೆದುಕೊಂಡೆ. ಭಾನುವಾರ ಅಕ್ಕ ಅಲ್ಲಿ ನನಗಾಗಿ ಕಾಯುತ್ತಿರುತ್ತಾಳೆ.

"ರೈಲು ಫಿಲಾಖ್‌ನಲ್ಲಿ ಎರಡಾಗತ್ತೆ, ಡಾಕ್ಟರೇ," ಎಂದಳು ನನ್ನ ಕಾರ್ಡಿನಲ್ಲಿ ಹೆಸರು ಓದಿದ ಕೌಂಟರಿನಾಕೆ. "ಮುಂದಿನ ಬೋಗಿಗಳು ವೆನಿಸ್‌ಗೆ, ಹಿಂದಿನವು ಲುಬ್ಲಿಯಾನಾಕ್ಕೆ. ನಿಮಗೆ ಮುಂದೆ ಕೊಡ್ತೀನಿ."

ಲುಬ್ಲಿಯಾನಾ, ನನ್ನನ್ನು ಬಿಟ್ಟು ನೀನು ವಾಪಸು ಹೋದ ಊರು. ನಾನು ಹಿಂದಿನ ಬೋಗಿಯಲ್ಲಿ ಸೀಟು ಕೇಳಿದೆ. ಯಾಕೆ ಕೇಳಿದೆನೋ ಈಗಲೂ ತಿಳಿಯುತ್ತಿಲ್ಲ.

"ವೆನಿಸ್ ಟಿಕೆಟ್ ಇಟ್ಕೊಂಡು ಅಲ್ಯಾಕೆ ಕೂರ್ತೀರಿ?"

"ಫಿಲಾಖ್‌ವರೆಗೆ ಮಾತ್ರ. ಅಲ್ಲಿ ಇಳಿದು ಮುಂದಿನ ಬೋಗಿಗೆ ಹೋಗ್ತೀನಿ."

ಸಾಲಿನಲ್ಲಿ ನನ್ನ ಹಿಂದಿದ್ದ ಅಜ್ಜಿಗೆ ತಾಳ್ಮೆ ತಪ್ಪಿತು. "ಏನ್ ಸ್ವಾಮಿ, ಸೀಟು ತಗೊಳ್ತಿದೀರೋ, ಮನೆ ಕೊಳ್ತಿದೀರೋ?"

ಕೌಂಟರಿನಾಕೆ ನಗಲಿಲ್ಲ. "ನಿದ್ದೆಗಿದ್ದೆ ಮಾಡಿದ್ರೆ ನೇರ ಲುಬ್ಲಿಯಾನಾ. ಆಮೇಲೆ ನನ್ನ ಬೈಬೇಡಿ."

ಅಕ್ಕ ಪ್ಲಾಟ್‌ಫಾರಂನಲ್ಲಿ ಒಬ್ಬಳೇ ನಿಂತಿರುವುದು ಕಣ್ಣಿಗೆ ಬಂತು. ಆದರೂ ಸೀಟು ಬದಲಿಸಲಿಲ್ಲ. ರೈಲಿನಲ್ಲಿ ನನಗೆ ನಿದ್ದೆಯೇ ಬರುವುದಿಲ್ಲ ಎಂದೆ. ಆಕೆ ನಂಬಿ ಟಿಕೆಟ್ ಕೊಟ್ಟಳು.

ಪಕ್ಕದಲ್ಲಿದ್ದಿದ್ದರೆ ನೀನು ಜೋರಾಗಿ ನಕ್ಕುಬಿಡುತ್ತಿದ್ದೆ. ಪ್ರತಿ ಸಲವೂ, ರೈಲು ವಿಯೆನ್ನಾ ದಾಟುವ ಮೊದಲೇ, ನಿನ್ನ ಭುಜಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದವನು ನಾನು.