ಒತ್ತಿ ನೋಡದ ಬೀಜ

ಪುಟ್ಟೀ,

ಬೀಜ ಪರೀಕ್ಷೆ ಕೋಣೆಯಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡಿದೀನಿ, ಕೂಡಲೇ ಹೊರಟು ಬಾ.

ಸುಳ್ಳು. ಎರಡು ಕಾಲೂ ನೆಟ್ಟಗಿವೆ. ಹೀಗೆ ಶುರು ಮಾಡದಿದ್ದರೆ ನೀನು ಅಪ್ಪನ ಕಾಗದವನ್ನ ಓದದೆ ಪಕ್ಕಕ್ಕಿಡ್ತೀಯ.

ನನ್ನ ವರದಿ ನಂಬಿ ಸೋಮವಾರ ಹುಲ್ಲುಬೀಜದ ಮೂಟೆಗಳನ್ನ ಗೊಬ್ಬರದ ಗುಂಡಿಗೆ ಸುರೀಬೇಡ. ದನ ಮೇಯೋ ಆ ಬೋಳುಗುಡ್ಡ ಮತ್ತೆ ಹಸಿರಾಗಲಿ ಅಂತ ಎರಡು ವರ್ಷ ಬಗ್ಗಿ ಬಗ್ಗಿ ಕೈಯಲ್ಲೇ ಆರಿಸಿದೀಯ. ನನ್ನ ಬಾಯಲ್ಲಿ ಹಲ್ಲಿಲ್ಲ, ನಿನ್ನ ಗುಡ್ಡದಲ್ಲಿ ಹುಲ್ಲಿಲ್ಲ. ಹಲ್ಲಂತೂ ಇನ್ನು ಬರಲ್ಲ, ಹುಲ್ಲು ಬರುತ್ತೆ.

ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ ನೀನು ಕಳಿಸಿದ್ದರಲ್ಲಿ ನೂರು ಬೀಜ ಇಟ್ಟಿದ್ದೆ. ನಾಲ್ಕು ವಾರದಲ್ಲಿ ಮೊಳೆತದ್ದು ಆರೇ ಆರು. ಉಳಿದವು ಸತ್ತಿವೆ ಅಂತ ಬರೆದು ಕಳಿಸಿದೆ. ನಿನ್ನೆ ತಟ್ಟೆ ತೊಳೆಯೋಕೆ ಹೋದವನು ಒಂದು ಬೀಜವನ್ನ ಚಿಮಟದಲ್ಲಿ ಒತ್ತಿದೆ. ಸತ್ತ ಬೀಜ ಪಿಚಕ್ ಅಂತ ಮೆತ್ತಗಾಗುತ್ತೆ. ಇದು ಗಟ್ಟಿಯಾಗಿತ್ತು. ಕೂತು ಒಂದೊಂದಾಗಿ ಒತ್ತಿದೆ, ಎಪ್ಪತ್ತು ಗಟ್ಟಿ. ಸತ್ತಿಲ್ಲ ಕಣೇ, ನಿದ್ದೆ ಹೊಡೀತಿವೆ, ಭಾನುವಾರದ ನನ್ನ ಅಳಿಯನ ಹಾಗೆ. ಒಂದು ವರ್ಷ ಒಣ ಜಾಗದಲ್ಲಿಡು. ಆಮೇಲೆ ಸಿಪ್ಪೆ ಉಜ್ಜಿ ಬಿತ್ತು.

ಇದನ್ನೂ ತಮಾಷೆ ಅಂದ್ಕೋಬೇಡ. ಮೊಳೆಯದ ಬೀಜವನ್ನ ಒತ್ತಿ ನೋಡಿಯೇ ಸತ್ತಿದೆ ಅನ್ನಬೇಕು, ಮೂವತ್ತು ವರ್ಷ ಹಾಗೇ ಮಾಡಿದೀನಿ. ನಿನ್ನ ತಟ್ಟೆ ಎಣಿಸೋ ಸರದಿ ಬಂದ ದಿನ ಕಣ್ಣೂ ಸೋತಿತ್ತು, ಬೆನ್ನೂ ಸೋತಿತ್ತು. ಒಂದನ್ನೂ ಒತ್ತದೆ ಸಹಿ ಹಾಕಿಬಿಟ್ಟೆ.

ನಿನ್ನ ಅಪ್ಪ